ವಿಜಯಪುರ ಜಿಲ್ಲೆಯಲ್ಲಿ ಹಸಿರುಮನೆಯ ಸಂಕರಣ ಟೊಮ್ಯಾಟೊ ಬೇಸಾಯ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗಗಳು ರಾಜ್ಯದ ಉತ್ತರ ಒಣ ವಲಯಕ್ಕೆ ಸೇರಿವೆ. ವರ್ಷದ ಸರಾಸರಿ ಮಳೆ 600 ಮಿ.ಮೀ. ಒಳಗೇ ಇರುತ್ತದೆ. ಅದೂ ಹೆಚ್ಚಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ, ನಡುನಡುವೆ ದೀರ್ಘ ಬಿಡುವು ಕೊಟ್ಟು ಬೀಳುತ್ತದೆ. ಏಪ್ರಿಲ್–ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಬಿಳಿಜೋಳ, ಕಡಲೆ, ತೊಗರಿ, ಸೂರ್ಯಕಾಂತಿ ಬೆಳೆಯುವ ಈ ಎರೆಭೂಮಿಯಲ್ಲಿ ಇತ್ತೀಚಿನ ವರ್ಷಗಳಲ್ಲಿ ದ್ರಾಕ್ಷಿ, ದಾಳಿಂಬೆ, ನಿಂಬೆ ಬೆಳೆಗಳೂ ನೆಲೆಯೂರಿವೆ. ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಇದೇ ದಾರಿಯಲ್ಲಿ ಕೆಲವು ರೈತರು ಹತ್ತು–ಇಪ್ಪತ್ತು ಗುಂಟೆಯ ಹಸಿರುಮನೆ ಕಟ್ಟಿ ಸಂಕರಣ ಟೊಮ್ಯಾಟೊ ಬೆಳೆಯಲು ಆಸಕ್ತಿ ತೋರುತ್ತಿದ್ದಾರೆ.

ಹಸಿರುಮನೆಯೆಂದರೆ ಲಕ್ಷಾಂತರ ರೂಪಾಯಿಗಳ ಬಂಡವಾಳ. ಬೆಂಗಳೂರು, ಬೆಳಗಾವಿ ಕಡೆಯ ತಂಪು ಹವೆಯಲ್ಲಿ ಯಶಸ್ವಿಯಾದ ಕ್ರಮವನ್ನು ಹಾಗೆಯೇ ತಂದು ಇಲ್ಲಿ ಅನುಸರಿಸಿದರೆ ನಷ್ಟವಾಗುವ ಸಂಭವ ಹೆಚ್ಚು. ಇಲ್ಲಿಯ ಬಿಸಿಲು, ಮಣ್ಣು ಮತ್ತು ನೀರು ಈ ಮೂರನ್ನೂ ಅರಿತುಕೊಂಡು ಕೈಹಾಕಿದವರಿಗೆ ಮಾತ್ರ ಈ ಬೇಸಾಯ ಲಾಭ ತಂದೀತು.

ಸಂಕರಣ ತಳಿಯೆಂದರೇನು?

ಎರಡು ಬೇರೆ ಬೇರೆ ಶುದ್ಧ ತಳಿಗಳನ್ನು ಕೂಡಿಸಿ ಪಡೆದ ಮೊದಲ ತಲೆಮಾರಿನ ಬೀಜವೇ ಸಂಕರಣ ಬೀಜ. ಟೊಮ್ಯಾಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗಗಳಿರುವುದರಿಂದ ಸ್ವಕೀಯ ಪರಾಗಸ್ಪರ್ಶ ಸಹಜ. ಆದ್ದರಿಂದ ಸಂಕರಣ ಬೀಜ ಬೇಕಾದರೆ ಮೊಗ್ಗಿನಲ್ಲಿಯೇ ಕೇಸರಗಳನ್ನು ಕಿತ್ತು, ಬೇರೆ ತಳಿಯ ಪರಾಗವನ್ನು ಕೈಯಿಂದ ಸವರಬೇಕಾಗುತ್ತದೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಭಾಗದಲ್ಲಿ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಬೀಜದ ಬೆಲೆ ಹೆಚ್ಚಿರಲು ಈ ಕೈಕೆಲಸವೇ ಕಾರಣ. ನಮ್ಮ ದೇಶದಲ್ಲಿ ಸಂಕರಣ ಟೊಮ್ಯಾಟೊ ವಾಣಿಜ್ಯವಾಗಿ ಬಳಕೆಗೆ ಬಂದದ್ದು 1973ರಲ್ಲಿ. ಬೆಂಗಳೂರಿನ ಬೀಜ ಸಂಸ್ಥೆಯೊಂದು ಆಗ ಬಿಡುಗಡೆ ಮಾಡಿದ ತಳಿಯ ಹೆಸರೇ ‘ಕರ್ನಾಟಕ’.

ಸಂಕರಣ ಬೆಳೆಯ ಹಣ್ಣಿನಿಂದ ಬೀಜ ತೆಗೆದು ಮರುವರ್ಷ ಬಿತ್ತಬಾರದು. ಎರಡನೆಯ ತಲೆಮಾರಿನಲ್ಲಿ ಗುಣಗಳು ಬೇರ್ಪಟ್ಟು, ಒಂದು ಗಿಡದಂತೆ ಇನ್ನೊಂದಿರುವುದಿಲ್ಲ. ಇಳುವರಿ ಮತ್ತು ರೋಗನಿರೋಧಕ ಶಕ್ತಿ ಎರಡೂ ಇಳಿಯುತ್ತವೆ.

ಹಸಿರುಮನೆಗೆ ಎತ್ತರಕ್ಕೆ ನಿರಂತರವಾಗಿ ಬೆಳೆಯುತ್ತ ಹೋಗುವ ತಳಿ ಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್, ಅರ್ಕಾ ಸಾಮ್ರಾಟ್ ಸಂಕರಣಗಳು ಎಲೆ ಮುಟುರು ರೋಗ, ದುಂಡಾಣು ಸೊರಗು ರೋಗ ಮತ್ತು ಮುಂಗಾಲದ ಅಂಗಮಾರಿ ಈ ಮೂರಕ್ಕೂ ನಿರೋಧಕ ಶಕ್ತಿ ಹೊಂದಿವೆ. ಆದರೆ ಇವು ಅರೆ ಎತ್ತರದ ಗಿಡಗಳು. ತೆರೆದ ಹೊಲಕ್ಕೆ ಮತ್ತು ನೆರಳು ಪರದೆಗೆ ಹೆಚ್ಚು ಒಪ್ಪುತ್ತವೆ. ಎತ್ತರದ ಪ್ಲಾಸ್ಟಿಕ್ ಮನೆಯಲ್ಲಿ ಕುಳ್ಳ ಗಿಡ ನೆಟ್ಟರೆ ಮೇಲಿನ ಜಾಗವೆಲ್ಲ ಖಾಲಿ ಉಳಿದು, ಹಾಕಿದ ಬಂಡವಾಳ ವ್ಯರ್ಥವಾಗುತ್ತದೆ. ಬೀಜ ಕೊಳ್ಳುವಾಗ ತಳಿ ಎಷ್ಟು ಎತ್ತರ ಬೆಳೆಯುತ್ತದೆ, ಎಲೆ ಮುಟುರು ರೋಗಕ್ಕೆ ನಿರೋಧಕವೇ, ಹಣ್ಣು ದೂರದ ಸಾಗಾಟ ತಡೆಯುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿ ತಿಳಿಯಬೇಕು.

ಬಿಸಿಲು ಮತ್ತು ನಾಟಿಯ ಕಾಲ

ಟೊಮ್ಯಾಟೊ ಬೆಳೆಗೆ ಹಗಲಿನಲ್ಲಿ 21–28, ರಾತ್ರಿಯಲ್ಲಿ 15–20 ಡಿಗ್ರಿ ಉಷ್ಣತೆ ಹಿತಕರ. ಹಗಲು 35 ಡಿಗ್ರಿ, ರಾತ್ರಿ 24–25 ಡಿಗ್ರಿ ಮೀರಿದರೆ ಪರಾಗ ಬಲಹೀನವಾಗಿ ಹೂವು ಉದುರುತ್ತದೆ. ಹಣ್ಣು ಕಟ್ಟಿದರೂ, 30 ಡಿಗ್ರಿ ಮೀರಿದ ಬಿಸಿಯಲ್ಲಿ ಕೆಂಪು ಬಣ್ಣದ ವಸ್ತು ಸರಿಯಾಗಿ ಉತ್ಪತ್ತಿಯಾಗದೆ ಹಣ್ಣು ಹಳದಿಯಾಗಿ ಉಳಿಯುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಮನೆಯೊಳಗೆ ಮಧ್ಯಾಹ್ನದ ಉಷ್ಣತೆ ಹೊರಗಿನದಕ್ಕಿಂತ ಹಲವು ಡಿಗ್ರಿ ಹೆಚ್ಚಿರುತ್ತದೆ. ಹೊರಗೆ 41 ಡಿಗ್ರಿ ಇದ್ದಾಗ ಒಳಗೆ ಹೂವು ನಿಲ್ಲುವ ಮಾತೇ ಇಲ್ಲ.

ಆದ್ದರಿಂದ ಈ ಭಾಗದಲ್ಲಿ ಬೇಸಿಗೆಯಲ್ಲಿ ಹಸಿರುಮನೆ ಟೊಮ್ಯಾಟೊ ಬೆಳೆಯುವ ಆಸೆಯನ್ನು ಬಿಡುವುದೇ ಲೇಸು. ಆರಿದ್ರಾ–ಪುನರ್ವಸು ಮಳೆಗಳ ಕಾಲದಲ್ಲಿ, ಅಂದರೆ ಜೂನ್ ಕೊನೆ ಮತ್ತು ಜುಲೈ ಮೊದಲ ಭಾಗದಲ್ಲಿ ಬೀಜ ಹಾಕಿ, ಪುಷ್ಯ–ಆಶ್ಲೇಷಾ ಮಳೆಗಳ ಕಾಲಕ್ಕೆ ಸಸಿ ನಾಟಿ ಮಾಡಿದರೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕೊಯ್ಲು ಸಿಗುತ್ತದೆ. ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ಉಷ್ಣತೆ 13 ಡಿಗ್ರಿಗಿಂತ ಕೆಳಗಿಳಿದರೂ ಕಾಯಿ ಕಚ್ಚುವುದು ಕಡಿಮೆಯಾಗುತ್ತದೆ. ಆಗ ಸಂಜೆ ಪಕ್ಕದ ಪರದೆಗಳನ್ನು ಇಳಿಸಿ, ಬೆಳಿಗ್ಗೆ ಬಿಸಿಲೇರುತ್ತಲೇ ಎತ್ತಬೇಕು.

ಮನೆಯ ರಚನೆ

ಈ ಜಿಲ್ಲೆಗೆ ಸಹಜ ಗಾಳಿಯಾಟದ ಮನೆ ಸಾಕು. ನಡುವಿನ ಎತ್ತರ 6ರಿಂದ 6.5 ಮೀ., ಬದಿಯ ಎತ್ತರ 4ರಿಂದ 4.5 ಮೀ. ಇದ್ದು, ನೆತ್ತಿಯುದ್ದಕ್ಕೂ ಬಿಸಿ ಗಾಳಿ ಹೊರಹೋಗುವ ಕಿಂಡಿ ಇರಲೇಬೇಕು. ಖರ್ಚು ಉಳಿಸಲು ಎತ್ತರ ತಗ್ಗಿಸುವುದು ಈ ಭಾಗದಲ್ಲಿ ದೊಡ್ಡ ತಪ್ಪು. ಮೇಲ್ಹೊದಿಕೆಗೆ ನೇರಳಾತೀತ ಕಿರಣ ತಡೆಯುವ 200 ಮೈಕ್ರಾನ್ ಹಾಳೆ, ಬದಿಗಳಿಗೆ 40ರಿಂದ 50 ಮೆಶ್ ಕೀಟ ತಡೆ ಬಲೆ ಬಳಸಬೇಕು. ಬಲೆ ನುಣುಪಾದಷ್ಟೂ ಬಿಳಿನೊಣಕ್ಕೆ ತಡೆಯೂ ಹೆಚ್ಚು, ಗಾಳಿಗೆ ತಡೆಯೂ ಹೆಚ್ಚು. ಮನೆ ಬಹಳ ಅಗಲವಾದರೆ ನಡುವೆ ಗಾಳಿ ನಿಂತು ಕಾವು ಏರುತ್ತದೆ. ಹೀಗಾಗಿ ಮೊದಲ ಬಾರಿಗೆ ಕಟ್ಟುವವರು ಹತ್ತು ಗುಂಟೆ, ಅಂದರೆ ಸುಮಾರು 1,000 ಚ.ಮೀ. ಮೀರದಿರುವುದು ಒಳ್ಳೆಯದು. ಒಳಹೋಗಲು ಒಂದರ ಹಿಂದೆ ಒಂದರಂತೆ ಎರಡು ಬಾಗಿಲುಗಳಿರಲಿ. ಒಂದು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯಬೇಕು.

ಎರೆಭೂಮಿ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಮೇಲ್ಮಣ್ಣಿನಲ್ಲಿಯೇ ಕಂಬ ನಿಲ್ಲಿಸಿದರೆ ಒಂದೆರಡು ವರ್ಷಗಳಲ್ಲಿ ವಾಲುತ್ತದೆ. ಗುಂಡಿಯನ್ನು ಗಟ್ಟಿ ಮುರಂ ಸಿಗುವವರೆಗೆ ತೋಡಿ ಕಾಂಕ್ರೀಟ್ ತುಂಬುವುದು ಅವಶ್ಯ. ಸಾಧ್ಯವಿದ್ದರೆ ಮಡ್ಡಿ ಜಾಗವನ್ನೇ ಆರಿಸಬೇಕು. ಮುಂಗಾರಿಗೆ ಮುಂಚಿನ ಬಿರುಗಾಳಿ, ಆಲಿಕಲ್ಲು ಮಳೆಗಳು ಹಾಳೆಯನ್ನು ಹರಿಯುವ ಸಂಭವವಿರುವುದರಿಂದ ಗಾಳಿ ಬರುವ ದಿಕ್ಕಿಗೆ ಸ್ವಲ್ಪ ದೂರದಲ್ಲಿ ಗಾಳಿತಡೆ ಮರಗಳ ಸಾಲು ಇರಬೇಕು, ಮನೆಗೆ ವಿಮೆಯನ್ನೂ ಇಳಿಸಬೇಕು.

ಮಣ್ಣು ಮತ್ತು ಮಡಿ

ಜಿಗುಟಾದ ಎರೆಮಣ್ಣಿನಲ್ಲಿ ನೀರು ಬಸಿಯುವುದು ನಿಧಾನ. ಸುಣ್ಣದ ಅಂಶ ಹೆಚ್ಚಾಗಿ ರಸಸಾರ 8ರ ಮೇಲಿರುತ್ತದೆ. ಇದರಿಂದ ಕಬ್ಬಿಣ, ಸತುವಿನ ಕೊರತೆ ಕಾಣಿಸಿಕೊಳ್ಳುತ್ತದೆ. ಹಸಿರುಮನೆಯಲ್ಲಿ ದಿನವೂ ನೀರು ಕೊಡುವುದರಿಂದ ಬೇರು ಕೊಳೆಯುವ ಭಯವೂ ಉಂಟು. ಆದ್ದರಿಂದ ಮಸಾರಿ ಮಣ್ಣು 70 ಭಾಗ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 20 ಭಾಗ, ಭತ್ತದ ಹೊಟ್ಟು 10 ಭಾಗ ಬೆರೆಸಿ, 1 ಮೀ. ಅಗಲ, 30 ಸೆಂ.ಮೀ. ಎತ್ತರದ ಮಡಿ ಮಾಡಿ, ನಡುವೆ 50 ಸೆಂ.ಮೀ. ದಾರಿ ಬಿಡಬೇಕು.

ಹತ್ತು ಗುಂಟೆ ಮನೆಯಲ್ಲಿ ಮಡಿಗಳ ವಿಸ್ತೀರ್ಣ ಸುಮಾರು 600 ಚ.ಮೀ. ಆಗುತ್ತದೆ. ಇದಕ್ಕೆ ಒಟ್ಟು 180 ಘನ ಮೀಟರ್ ಮಿಶ್ರಣ ಬೇಕು. ಒಂದು ಟ್ರ್ಯಾಕ್ಟರ್ ಹೇರಿಗೆ 3 ಘನ ಮೀಟರ್ ಹಿಡಿದರೆ ಮಸಾರಿ ಮಣ್ಣೇ 42 ಹೇರು, ಗೊಬ್ಬರ 12 ಹೇರು ಆಗುತ್ತದೆ. ಮನೆ ಕಟ್ಟುವ ಖರ್ಚಿನ ಅಂದಾಜಿನಲ್ಲಿ ಈ ಬಾಬು ಬಿಟ್ಟುಹೋಗುವುದೇ ಹೆಚ್ಚು. ತರುವ ಮಣ್ಣನ್ನು ಮೊದಲು ಪರೀಕ್ಷೆ ಮಾಡಿಸಬೇಕು. ಬದನೆ, ಟೊಮ್ಯಾಟೊ, ಮೆಣಸಿನಕಾಯಿ ಬೆಳೆದ ಹೊಲದ ಮಣ್ಣನ್ನು ತರಲೇಬಾರದು. ಅದರೊಡನೆ ಸೊರಗು ರೋಗವೂ ಬೇರುಗಂಟು ಜಂತುಹುಳವೂ ಬರುತ್ತವೆ.

ನೀರು: ಎಲ್ಲಕ್ಕಿಂತ ಮುಖ್ಯ

ಇಂಡಿ ಭಾಗದಲ್ಲಿ ಕೊಳವೆ ಬಾವಿ ಬತ್ತಿ, ನಿಂಬೆ ಗಿಡಗಳಿಗೆ ಟ್ಯಾಂಕರ್ ನೀರು ಹಾಕಿದ ವರ್ಷಗಳನ್ನು ರೈತರು ಮರೆತಿಲ್ಲ. ಸಿಂದಗಿಯ ಕೆಲವು ಹಳ್ಳಿಗಳಿಗೆ ಭೀಮಾ ನದಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯ ಕೆಲವು ಹಳ್ಳಿಗಳಿಗೆ ಕೃಷ್ಣಾ ನದಿ ಮತ್ತು ಕಾಲುವೆಗಳ ಆಸರೆಯಿದೆ. ಆದರೆ ಡೋಣಿ ನದಿಯ ದಂಡೆಯಲ್ಲಿ ಮತ್ತು ಹಲವು ಕೊಳವೆ ಬಾವಿಗಳಲ್ಲಿ ನೀರು ಸವಳು.

ತೆರೆದ ಹೊಲದಲ್ಲಿ ಸವಳು ನೀರು ಹಾಯಿಸಿದರೂ ಮಳೆ ಬಂದಾಗ ಉಪ್ಪು ಸ್ವಲ್ಪ ತೊಳೆದು ಹೋಗುತ್ತದೆ. ಹಸಿರುಮನೆಯೊಳಗೆ ಮಳೆಯ ಹನಿಯೂ ಬೀಳುವುದಿಲ್ಲ. ಹಾಕಿದ ಉಪ್ಪೆಲ್ಲ ಮಡಿಯಲ್ಲಿಯೇ ಉಳಿಯುತ್ತದೆ. ಇದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ನೀರಿನ ವಿದ್ಯುತ್ ವಾಹಕತೆ 2 ಡೆಸಿಸೀಮನ್ಸ್ ಇದ್ದರೆ ಒಂದು ಲೀಟರ್ ನೀರಿನಲ್ಲಿ ಸುಮಾರು 1.28 ಗ್ರಾಂ ಲವಣವಿರುತ್ತದೆ. ಹತ್ತು ಗುಂಟೆಯ 2,500 ಗಿಡಗಳಿಗೆ ದಿನಕ್ಕೆ ಸರಾಸರಿ ಒಂದೂವರೆ ಲೀಟರಿನಂತೆ 180 ದಿನ ನೀರು ಕೊಟ್ಟರೆ ಒಟ್ಟು 6 ಲಕ್ಷ 75 ಸಾವಿರ ಲೀಟರ್ ನೀರು. ಅದರೊಡನೆ ಮಡಿ ಸೇರುವ ಲವಣ ಸುಮಾರು 860 ಕೆ.ಜಿ. ಒಂದೇ ಬೆಳೆಗೆ ಎಂಟೂವರೆ ಕ್ವಿಂಟಲ್! ಮಣ್ಣಿನ ಸಾರದ ವಾಹಕತೆ 2.5 ಡೆಸಿಸೀಮನ್ಸ್ ದಾಟಿದ ಮೇಲೆ ಪ್ರತಿ ಒಂದು ಡೆಸಿಸೀಮನ್ಸ್ ಏರಿಕೆಗೆ ಟೊಮ್ಯಾಟೊ ಇಳುವರಿ ಸುಮಾರು ಹತ್ತನೆಯ ಒಂದು ಭಾಗ ಕುಗ್ಗುತ್ತದೆ. ಮೊದಲ ಬೆಳೆ ಚೆನ್ನಾಗಿ ಬಂದು, ಎರಡು ಮೂರನೆಯ ಬೆಳೆಗಳು ಕಾರಣ ತಿಳಿಯದಂತೆ ಸೊರಗಿದರೆ ಉಪ್ಪನ್ನೇ ಮೊದಲು ಶಂಕಿಸಬೇಕು.

ಇದಕ್ಕೆ ಪರಿಹಾರ ಮನೆಯ ಮೇಲೆಯೇ ಬೀಳುತ್ತದೆ. 1,000 ಚ.ಮೀ. ಚಾವಣಿಯ ಮೇಲೆ ವರ್ಷಕ್ಕೆ 580 ಮಿ.ಮೀ. ಮಳೆಯಾದರೆ 5 ಲಕ್ಷ 80 ಸಾವಿರ ಲೀಟರ್ ನೀರು. ಅದರಲ್ಲಿ ಐದನೆಯ ಒಂದು ಭಾಗ ಕಳೆದರೂ 4 ಲಕ್ಷ 60 ಸಾವಿರ ಲೀಟರ್ ಹಿಡಿಯಲು ಬರುತ್ತದೆ. ಚಾವಣಿಯ ದೋಣಿಗಳಿಂದ ಕೊಳವೆ ಇಳಿಸಿ ಕೃಷಿ ಹೊಂಡಕ್ಕೆ ಬಿಡಬೇಕು. ಮೇಲೆ 12×12 ಮೀ., ತಳದಲ್ಲಿ 6×6 ಮೀ., ಆಳ 3 ಮೀ. ಇರುವ ಹೊಂಡದಲ್ಲಿ ಎರಡೂವರೆ ಲಕ್ಷ ಲೀಟರ್ ನಿಲ್ಲುತ್ತದೆ. ತಳಕ್ಕೆ ಪ್ಲಾಸ್ಟಿಕ್ ಹಾಳೆ, ಮೇಲೆ ನೆರಳು ಬಲೆ, ಸುತ್ತ ಬೇಲಿ ಇರಬೇಕು. ಮಳೆನೀರನ್ನೂ ಬಾವಿಯ ನೀರನ್ನೂ ಸಮಪಾಲಾಗಿ ಬೆರೆಸಿ ಕೊಟ್ಟರೆ ಮಡಿ ಸೇರುವ ಲವಣ ಅರ್ಧಕ್ಕೆ ಇಳಿಯುತ್ತದೆ. ಬೆಳೆ ತೆಗೆದ ನಂತರ ಮಡಿಗಳಿಗೆ ಒಮ್ಮೆ ಧಾರಾಳವಾಗಿ ಒಳ್ಳೆಯ ನೀರು ಬಿಟ್ಟು ಉಪ್ಪನ್ನು ಕೆಳಕ್ಕೆ ಬಸಿಯಬೇಕು. ನೀರಿನ ಪರೀಕ್ಷೆಗೆ ಮುಂಚೆ ಮನೆ ಕಟ್ಟಬಾರದು. ಹಿಟ್ಟಿನಹಳ್ಳಿ ಹಾಗೂ ಇಂಡಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಈ ಬಗ್ಗೆ ಸಲಹೆ ಪಡೆಯಬಹುದು.

ಸಸಿ ಮತ್ತು ನಾಟಿ

2,500 ಗಿಡಗಳಿಗೆ 3,000 ಬೀಜಗಳು, ಅಂದರೆ ಸುಮಾರು 10 ಗ್ರಾಂ ಸಾಕು. 98 ಗುಳಿಗಳ ತಟ್ಟೆಗಳಲ್ಲಿ ತೆಂಗಿನ ನಾರಿನ ಪುಡಿ ತುಂಬಿ, ಗುಳಿಗೊಂದರಂತೆ ಬೀಜ ಊರಬೇಕು. 31 ತಟ್ಟೆಗಳು ಬೇಕಾಗುತ್ತವೆ. ಸಸಿಗಳನ್ನು ಕಡ್ಡಾಯವಾಗಿ ನುಣುಪು ಬಲೆಯೊಳಗೆ ಬೆಳೆಸಬೇಕು. ಎಲೆ ಮುಟುರು ರೋಗವನ್ನು ಬಿಳಿನೊಣ ಹರಡುತ್ತದೆ. ಸಸಿಯಲ್ಲಿಯೇ ರೋಗ ತಗುಲಿದ ಗಿಡ ಹಣ್ಣು ಕೊಡುವುದಿಲ್ಲ. 25ರಿಂದ 30 ದಿನಗಳ ಸಸಿಗಳನ್ನು ಸಂಜೆ ಹೊತ್ತು, ಮಡಿಗೆ ಎರಡು ಸಾಲು, ಸಾಲಿನಲ್ಲಿ ಗಿಡದಿಂದ ಗಿಡಕ್ಕೆ 45 ಸೆಂ.ಮೀ. ಅಂತರದಲ್ಲಿ ನೆಡಬೇಕು.

ಗೊಬ್ಬರ

ಸಂಕರಣ ಟೊಮ್ಯಾಟೊಗೆ ಹೆಕ್ಟೇರಿಗೆ ಸಾರಜನಕ, ರಂಜಕ, ಪೊಟ್ಯಾಷ್ ತಲಾ 250 ಕೆ.ಜಿ. ಲೆಕ್ಕದಲ್ಲಿ ಹತ್ತು ಗುಂಟೆಗೆ ತಲಾ 25 ಕೆ.ಜಿ. ಆಗುತ್ತದೆ. ಮಣ್ಣು ಪರೀಕ್ಷೆಯಂತೆ ಇದನ್ನು ಹೆಚ್ಚು ಕಡಿಮೆ ಮಾಡಬೇಕು. ರಂಜಕದ ಹೆಚ್ಚಿನ ಭಾಗವನ್ನು ಮಡಿ ಮಾಡುವಾಗಲೇ ಸೇರಿಸಿ, ಉಳಿದುದನ್ನು ನೀರಿನಲ್ಲಿ ಕರಗುವ ಗೊಬ್ಬರಗಳ ರೂಪದಲ್ಲಿ ವಾರಕ್ಕೆ ಎರಡು ಬಾರಿ ರಸಾವರಿ ಮೂಲಕ ಕೊಡಬೇಕು. ಹಣ್ಣು ಬಲಿಯುವಾಗ ಪೊಟ್ಯಾಷ್ ಪಾಲು ಹೆಚ್ಚಿಸಬೇಕು. ಕ್ಯಾಲ್ಸಿಯಂ ನೈಟ್ರೇಟನ್ನು ರಂಜಕ ಅಥವಾ ಸಲ್ಫೇಟ್ ಗೊಬ್ಬರಗಳೊಡನೆ ಒಂದೇ ತೊಟ್ಟಿಯಲ್ಲಿ ಬೆರೆಸಬಾರದು. ಗಟ್ಟಿ ಕಟ್ಟಿ ಹನಿ ಕೊಳವೆಗಳು ಮುಚ್ಚಿಹೋಗುತ್ತವೆ.

ಹಣ್ಣಿನ ಬುಡದಲ್ಲಿ ಕಪ್ಪು ಕಲೆ ಬಿದ್ದು ಕೊಳೆಯುವುದು ರೋಗವಲ್ಲ. ಬೆಳೆಯುವ ಹಣ್ಣಿಗೆ ಸುಣ್ಣದಂಶ ತಲುಪದಿರುವ ಲಕ್ಷಣ. ಎರೆಭೂಮಿಯಲ್ಲಿ ಸುಣ್ಣ ಬೇಕಾದಷ್ಟಿದ್ದರೂ, ಒಂದು ದಿನ ಒಣಗಿಸಿ ಮರುದಿನ ಹೆಚ್ಚು ನೀರು ಕೊಟ್ಟರೆ ಅಥವಾ ನೀರು ಸವಳಾದರೆ ಇದು ಕಾಣಿಸುತ್ತದೆ. ಹಣ್ಣು ಸೀಳುವುದಕ್ಕೂ ನೀರಿನ ಏರುಪೇರೇ ಮುಖ್ಯ ಕಾರಣ. ದಿನವೂ ಹದವಾಗಿ ನೀರು ಕೊಡುವುದೇ ಇದಕ್ಕೆ ಔಷಧ.

ಗಿಡಗಳ ಆರೈಕೆ

ನಾಟಿಯಾದ ಮೂರು ವಾರಗಳ ನಂತರ ಪ್ರತಿ ಗಿಡಕ್ಕೂ ದಾರ ಕಟ್ಟಿ ಮೇಲಿನ ತಂತಿಗೆ ಏರಿಸಬೇಕು. ಎಲೆಯ ಕಂಕುಳಲ್ಲಿ ಬರುವ ಕವಲು ಚಿಗುರುಗಳನ್ನು ವಾರಕ್ಕೊಮ್ಮೆ ಎಳೆಯದಿರುವಾಗಲೇ ಚಿವುಟಿ, ಒಂದೇ ಕಾಂಡ ಉಳಿಸಬೇಕು. ಕೆಳಗಿನ ಗೊಂಚಲು ಕೊಯ್ದ ಮೇಲೆ ಅದರ ಕೆಳಗಿನ ಹಳೆಯ ಎಲೆಗಳನ್ನು ತೆಗೆಯುವುದರಿಂದ ಗಾಳಿಯಾಡುತ್ತದೆ. ಕಾಯಿ ತುಂಬಿದ ಗಿಡಗಳ ಒಟ್ಟು ಭಾರ ಹಲವು ಟನ್ ಆಗುವುದರಿಂದ, ಭಾರ ಹೊರಲೆಂದು ವಿನ್ಯಾಸ ಮಾಡಿರದ ಮನೆಯ ಕಂಬಗಳಿಗೆ ತಂತಿ ಬಿಗಿಯದೆ ಬೇರೆ ಆಧಾರ ನಿಲ್ಲಿಸಬೇಕು.

ಹೊಲದಲ್ಲಿ ಗಾಳಿ ಹೂವನ್ನು ಅಲುಗಿಸುವುದರಿಂದ ಪರಾಗ ತಾನಾಗಿಯೇ ಉದುರುತ್ತದೆ. ಬಲೆ ಸುತ್ತಿದ ಮನೆಯಲ್ಲಿ ಆ ಗಾಳಿಯೂ ಇಲ್ಲ, ದುಂಬಿಗಳೂ ಇಲ್ಲ. ಬೆಳಿಗ್ಗೆ 9ರಿಂದ 11 ಗಂಟೆಯೊಳಗೆ, ದಿನ ಬಿಟ್ಟು ದಿನ, ತಂತಿಗಳನ್ನು ಕೋಲಿನಿಂದ ಮೆಲ್ಲಗೆ ತಟ್ಟಿ ಗಿಡಗಳನ್ನು ಅಲುಗಿಸಬೇಕು. ಖರ್ಚಿಲ್ಲದ ಈ ಕೆಲಸವನ್ನು ಮರೆತರೆ ಹೂವು ಹೇರಳವಾಗಿ ಬಂದರೂ ಕಾಯಿ ಕಡಿಮೆಯಾಗುತ್ತದೆ.

ಕೀಟ ಮತ್ತು ರೋಗ

ಬಿಳಿನೊಣ, ಥ್ರಿಪ್ಸ್, ನುಸಿ ಇವು ಒಳಹೊಕ್ಕರೆ ಶತ್ರುಗಳಿಲ್ಲದೆ ಬೇಗ ಹೆಚ್ಚುತ್ತವೆ. ಭಾರತದಲ್ಲಿ 2014ರಲ್ಲಿ ಕಾಣಿಸಿಕೊಂಡ ಟ್ಯೂಟಾ ಎಂಬ ಎಲೆ ಕೊರೆಯುವ ಕೀಟವು ಕಾಯಿಯನ್ನೂ ಕೊರೆಯುತ್ತದೆ. ಹಳದಿ ಅಂಟು ಹಾಳೆಗಳು, ಟ್ಯೂಟಾಕ್ಕೆ ಮೋಹಕ ಬಲೆಗಳು, ಹರಿದ ಬಲೆಯ ತಕ್ಷಣದ ದುರಸ್ತಿ, ಬೇವಿನ ಎಣ್ಣೆಯ ಸಿಂಪರಣೆ ಇವು ಮೊದಲ ಕ್ರಮಗಳು. ರಾಸಾಯನಿಕ ಅನಿವಾರ್ಯವಾದರೆ ತಜ್ಞರ ಸಲಹೆ ಪಡೆದು, ಸಿಂಪರಣೆಗೂ ಕೊಯ್ಲಿಗೂ ನಡುವೆ ಹೇಳಿದಷ್ಟು ದಿನ ಬಿಡಬೇಕು. ಮುಚ್ಚಿದ ಮನೆಯಲ್ಲಿ ಸಿಂಪಡಿಸುವವರು ಮುಖಗವಸು ಧರಿಸುವುದು ಅತ್ಯವಶ್ಯ.

ಹಸಿರುಮನೆಗಳನ್ನು ಹೆಚ್ಚಾಗಿ ಹಾಳುಮಾಡುವುದು ಬೇರುಗಂಟು ಜಂತುಹುಳು. ವರ್ಷ ವರ್ಷವೂ ಅದೇ ಮಡಿಯಲ್ಲಿ ಅದೇ ಬೆಳೆ ಬೆಳೆದರೆ ಇದು ತಪ್ಪಿದ್ದಲ್ಲ. ಇಲ್ಲಿ ವಿಜಯಪುರದ ಬಿಸಿಲೇ ರೈತನ ನೆರವಿಗೆ ಬರುತ್ತದೆ. ಏಪ್ರಿಲ್‌ನಲ್ಲಿ ಬೆಳೆ ಕಿತ್ತು, ಮಡಿಗಳನ್ನು ಅಗೆದು, ಚೆನ್ನಾಗಿ ನೆನೆಸಿ, 25 ಮೈಕ್ರಾನ್ ಪಾರದರ್ಶಕ ಹಾಳೆಯನ್ನು ನೆಲಕ್ಕೆ ತಾಗುವಂತೆ ಹೊದಿಸಿ, ಅಂಚುಗಳಿಗೆ ಮಣ್ಣು ಮುಚ್ಚಿ, ಮನೆಯ ಪರದೆಗಳನ್ನೂ ಇಳಿಸಿ ನಾಲ್ಕರಿಂದ ಆರು ವಾರ ಬಿಡಬೇಕು. ಆ ಕಾವಿಗೆ ಮೇಲ್ಮಣ್ಣಿನ ಜಂತುಹುಳು, ರೋಗಾಣು, ಕಳೆಬೀಜಗಳು ಬಹುಮಟ್ಟಿಗೆ ಸಾಯುತ್ತವೆ. ಬೆಳೆ ಬಾರದ ಎರಡು ತಿಂಗಳು ಹೀಗೆ ಉಪಯೋಗವಾಗುತ್ತವೆ. ಅನಂತರ ಬೇವಿನ ಹಿಂಡಿ ಮತ್ತು ಟ್ರೈಕೋಡರ್ಮಾ ಬೆರೆಸಿ ಕಳಿಸಿದ ಗೊಬ್ಬರ ಸೇರಿಸಬೇಕು. ಎರಡು ಮೂರು ವರ್ಷಕ್ಕೊಮ್ಮೆ ಚೆಂಡು ಹೂವಿನ ಬೆಳೆ ಹಾಕುವುದೂ ಹಿತಕರ.

ಖರ್ಚು ಮತ್ತು ಆದಾಯ

ಕೆಳಗಿನ ಅಂಕಿಗಳು ಲೆಕ್ಕ ಹಾಕುವ ರೀತಿ ತಿಳಿಯಲೆಂದು ಹಿಡಿದವು. ಪ್ರತಿಯೊಬ್ಬರೂ ತಮ್ಮ ದರಗಳನ್ನು ಹಾಕಿ ನೋಡಬೇಕು. ಹತ್ತು ಗುಂಟೆಯ ಮನೆಗೆ 10 ಲಕ್ಷ ರೂಪಾಯಿ ತಗಲಿ, ಅರ್ಧ ಸಹಾಯಧನ ದೊರೆತು, ರೈತನ ಪಾಲು 5 ಲಕ್ಷವೆನ್ನೋಣ. ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 50,000, ಬಡ್ಡಿ 40,000, ಹಾಳೆ ಬದಲಾವಣೆಯ ಪಾಲು 20,000, ಬೀಜ, ಗೊಬ್ಬರ, ಕೂಲಿ, ಸಾಗಾಟ 90,000, ಒಟ್ಟು 2 ಲಕ್ಷ ರೂಪಾಯಿ. ಗಿಡಕ್ಕೆ 4 ಕೆ.ಜಿ.ಯಂತೆ 10 ಟನ್ ಇಳುವರಿ ಬಂದರೆ ಒಂದು ಕಿಲೋ ಟೊಮ್ಯಾಟೊ ಬೆಳೆಯಲು 20 ರೂಪಾಯಿ ಬೀಳುತ್ತದೆ. ಸಹಾಯಧನ ಸಿಗದಿದ್ದರೆ ಹಂಚಿಕೆ ಮತ್ತು ಬಡ್ಡಿ ಎರಡೂ ಇಮ್ಮಡಿಯಾಗಿ ಇದು 29 ರೂಪಾಯಿಗೆ ಏರುತ್ತದೆ.

ಕೊಯ್ಲಿನ ಕಾಲದ ಸರಾಸರಿ ಬೆಲೆ 25 ರೂಪಾಯಿ ಇದ್ದರೆ, ಸಹಾಯಧನ ಪಡೆದವನಿಗೆ 50,000 ಲಾಭ. 12 ರೂಪಾಯಿಯಾದರೆ 80,000 ನಷ್ಟ. 2023ರ ಜುಲೈನಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದ ಟೊಮ್ಯಾಟೊ ಬೆಲೆ ಕೆಲವೇ ವಾರಗಳಲ್ಲಿ ಕುಸಿದುದನ್ನು ಎಲ್ಲರೂ ಕಂಡಿದ್ದಾರೆ. ಒಂದು ವರ್ಷದ ಏರಿದ ಬೆಲೆ ನೋಡಿ ಹತ್ತು ವರ್ಷದ ಸಾಲ ಮಾಡಬಾರದು. ವಿಜಯಪುರ, ಕಲಬುರಗಿ, ಸೊಲ್ಲಾಪುರ ಮಾರುಕಟ್ಟೆಗಳ ಹಿಂದಿನ ಐದು ವರ್ಷಗಳ ಅಕ್ಟೋಬರ್–ಮಾರ್ಚ್ ದರಗಳನ್ನು ಬರೆದುಕೊಂಡು ಸರಾಸರಿ ತೆಗೆದು ನೋಡಬೇಕು. ಸಹಾಯಧನವು ಸಾಮಾನ್ಯವಾಗಿ ಕೆಲಸ ಮುಗಿದು ಪರಿಶೀಲನೆಯಾದ ಮೇಲೆ ಬರುವುದರಿಂದ, ಆ ವರ್ಷದ ನಿಯಮಗಳನ್ನು ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ಮೊದಲೇ ತಿಳಿದು, ಮಂಜೂರಾತಿ ಪತ್ರ ಕೈಗೆ ಬಂದ ಮೇಲೆಯೇ ಕೆಲಸ ಆರಂಭಿಸಬೇಕು.

ಯಾರು ಕೈಹಾಕಬಹುದು?

ಒಳ್ಳೆಯ ನೀರು, ಮನೆಯವರದೇ ದುಡಿಮೆ, ಸಮೀಪದ ಮಾರುಕಟ್ಟೆ ಈ ಮೂರೂ ಇದ್ದವರು ಹತ್ತು ಗುಂಟೆಯಿಂದ ಆರಂಭಿಸಬಹುದು. ಇವುಗಳಲ್ಲಿ ಒಂದು ಕೊರತೆಯಿದ್ದರೂ, ಮೊದಲು ಕಡಿಮೆ ಖರ್ಚಿನ ನೆರಳು ಪರದೆಯಡಿ ಅಥವಾ ತೆರೆದ ಹೊಲದಲ್ಲಿ ಕೋಲು ಕಟ್ಟಿ, ಹನಿ ನೀರಾವರಿಯಲ್ಲಿ ರೋಗನಿರೋಧಕ ಸಂಕರಣ ತಳಿಯನ್ನು ಎರಡು ವರ್ಷ ಬೆಳೆದು ಅನುಭವ ಪಡೆಯುವುದು ಮೇಲು. ಬಲೆಯಡಿಯಲ್ಲಿ ಆರೋಗ್ಯವಂತ ಸಸಿ ಬೆಳೆಸಿ ನೆರೆಯ ರೈತರಿಗೆ ಮಾರುವುದೂ ಒಂದು ಉಪ ಉದ್ಯೋಗ.

ಮಳೆಯ ಹನಿಯನ್ನು ಹೊಲದಲ್ಲಿಯೇ ಹಿಡಿದಿಡುವ ಒಡ್ಡುಗಳ ಬೇಸಾಯ ಈ ಜಿಲ್ಲೆಯ ರೈತರಿಗೆ ಹೊಸದಲ್ಲ. ಚಾವಣಿಯ ಮಳೆನೀರು ಹಿಡಿಯುವುದೂ, ಬೇಸಿಗೆಯ ಬಿಸಿಲಿನಿಂದ ಮಣ್ಣು ಶುದ್ಧಿ ಮಾಡುವುದೂ ಅದೇ ಅರಿವಿನ ಮುಂದುವರಿಕೆ. ರೈತ ಬಾಂಧವರು ಮೊದಲು ನೀರಿನ ಪರೀಕ್ಷೆ, ನಂತರ ಬೆಲೆಯ ಲೆಕ್ಕ, ಕೊನೆಗೆ ಮನೆಯ ಕಂಬ ಎಂಬ ಕ್ರಮವನ್ನು ಅನುಸರಿಸಿದರೆ ಹಸಿರುಮನೆಯ ಟೊಮ್ಯಾಟೊ ಬೇಸಾಯದಿಂದ ಸಾಲದ ಹೊರೆಯಿಲ್ಲದೆ ಉತ್ತಮ ಆದಾಯ ಪಡೆಯಬಹುದು.